ಓದುಗರ ಪ್ರಶ್ನೆ, ಅಕ್ಕನ ಉತ್ತರ: ಸೈಕಲ್ ರಿಮ್ಮಿನಲ್ಲಿ ತಿರುಗುವ ಜರಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಹುಮನಾಬಾದ್ ತಾಲ್ಲೂಕು. ಡಿಗ್ರಿ ಮುಗಿಸಿ ಊರಲ್ಲೇ ಇದ್ದೇನೆ. ಮುಂದಿನ ಮಳೆಗಾಲಕ್ಕೆ ನುಗ್ಗೆ, ಪಪ್ಪಾಯಿ, ಕರಿಬೇವಿನ 5,000 ಸಸಿ ಮಾಡಬೇಕು ಅಂತಿದ್ದೇನೆ. ಹೊಲದ ಕೆಂಪು ಮಣ್ಣಿನಲ್ಲಿ ಮೂರರಲ್ಲಿ ಒಂದು ಪಾಲು ಹರಳುಗಲ್ಲೇ ಇದೆ. ನಿಲ್ಲಿಸಿದ ಜಾಲಿಗೆ ಸಲಿಕೆಯಿಂದ ಎರಚಿ ಎರಚಿ ಅಪ್ಪನ ಸೊಂಟ ಹಿಡಿದಿದೆ. ಮನೆಯಲ್ಲೇ ಮಾಡಿಕೊಳ್ಳುವಂಥ ಜರಡಿ ಯಂತ್ರ ಇದೆಯಾ? ಮೋಟಾರ್ ಎಷ್ಟು ಎಚ್‌ಪಿ ಬೇಕು?
— ಒಬ್ಬ ಓದುಗ, ಬೀದರ್ ಜಿಲ್ಲೆ

ಉತ್ತರ: ತಮ್ಮಾ, ಮೊದಲು ಅಪ್ಪನ ಕೈಯಿಂದ ಸಲಿಕೆ ತಗೊಂಡು ಬದಿಗಿಡು. ಯಂತ್ರದ ಮಾತು ಆಮೇಲೆ.

ನಾನು ಬೀದರ್ ಊರಾಚೆ 19 ವರ್ಷದಿಂದ ನರ್ಸರಿ ನಡೆಸುತ್ತಿದ್ದೇನೆ. ನಿನ್ನ ಹೊಲದ ಮಣ್ಣು ಹೇಗಿದೆ ಅಂತ ನೋಡದೆಯೂ ಹೇಳಬಲ್ಲೆ. ನಮ್ಮ ಬೀದರಿನ ಎತ್ತರದ ನೆಲವೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಕೋಟೆಯ ಕಂದಕವನ್ನೇ ಆ ಕಲ್ಲಿನಲ್ಲಿ ಕಡಿದಿದ್ದಾರೆ. ನೆಲದೊಳಗೆ ಇರುವಾಗ ಮೆತ್ತಗೆ, ಗಾಳಿಗೆ ಬಂದು ಒಣಗಿದರೆ ಗಟ್ಟಿ. ಅದು ಪುಡಿಯಾಗಿ ಬಿದ್ದಿದ್ದೇ ನಮ್ಮ ಮುರುಂ. ಕಡಲೆಕಾಳಿನಿಂದ ಹಿಡಿದು ಅಡಿಕೆ ಗಾತ್ರದವರೆಗೆ ಹರಳು ಇರುತ್ತದೆ. ಸಸಿ ಬೆಳೆಸುವ ಪ್ಯಾಕೆಟ್ಟಿನಲ್ಲಿ ದೊಡ್ಡ ಹರಳು ಸೇರಿದರೆ ಬೇರು ಸೊಟ್ಟಗೆ ಹೋಗುತ್ತದೆ. ನಾಟಿ ಮಾಡುವಾಗ ಪ್ಯಾಕೆಟ್ ಹರಿದ ಕೂಡಲೇ ಮಣ್ಣಿನ ಉಂಡೆ ಒಡೆದು ಬೇರು ಬಯಲಾಗುತ್ತದೆ. ಅಪ್ಪ ಅಷ್ಟು ಕಷ್ಟಪಟ್ಟು ಜರಡಿ ಹಿಡಿಯುತ್ತಿರುವುದು ಸುಮ್ನೆ ಅಲ್ಲ.

ಈಗ ಲೆಕ್ಕ ಹಾಕೋಣ. ಒಂದು ಪ್ಯಾಕೆಟ್ಟಿಗೆ ಹತ್ತಿರ ಹತ್ತಿರ ಒಂದೂಕಾಲು ಕೆಜಿ ಮಿಶ್ರಣ ಹಿಡಿ. 5,000 ಪ್ಯಾಕೆಟ್ಟಿಗೆ 6 ಟನ್ ದಾಟುತ್ತದೆ. ನಾನು ಎರಡು ಪಾಲು ಮಣ್ಣು, ಒಂದು ಪಾಲು ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಹಾಕುತ್ತೇನೆ. ಅಂದರೆ ಜರಡಿ ಹಿಡಿದ ಮಣ್ಣೇ 3 ಟನ್ನಿನ ಮೇಲೆ ಬೇಕು. ಮೂರರಲ್ಲಿ ಒಂದು ಪಾಲು ಕಲ್ಲು ಅಂದರೆ ಅಗೆಯುವುದು 5 ಟನ್ನಿನ ಹತ್ತಿರ. ಇಷ್ಟಕ್ಕೆ ಯಂತ್ರ ಬೇಕೇ ಬೇಕು. 500 ಪ್ಯಾಕೆಟ್ ಅಂದಿದ್ದರೆ ಬೇಡ ಅಂತಿದ್ದೆ.

ಮಾಡಬೇಕಾದದ್ದು ತಿರುಗುವ ಡ್ರಮ್ ಜರಡಿ. ಜಾಲಿಯನ್ನು ಕೊಳವೆಯ ಹಾಗೆ ಸುತ್ತಿ, ಸ್ವಲ್ಪ ಇಳಿಜಾರಾಗಿ ಮಲಗಿಸಿ ತಿರುಗಿಸುವುದು. ಮೇಲಿನ ಬಾಯಿಗೆ ಮಣ್ಣು ಹಾಕಿದರೆ ಮಣ್ಣು ಕೆಳಗೆ ಉದುರುತ್ತದೆ, ಕಲ್ಲು ಉರುಳುತ್ತಾ ಇನ್ನೊಂದು ತುದಿಯಿಂದ ಹೊರಗೆ ಬೀಳುತ್ತದೆ. ಸಲಿಕೆ ಎತ್ತಿ ಎರಚುವ ಕೆಲಸವೇ ಇಲ್ಲ.

ಗುಜರಿ ಅಂಗಡಿಗೆ ಹೋಗಿ 28 ಇಂಚಿನ ಹಳೇ ಸೈಕಲ್ಲಿನ ಮೂರು ರಿಮ್ ತಗೋ. ಕಬ್ಬಿಣದ್ದೇ ಬೇಕು, ಅಲ್ಯೂಮಿನಿಯಂ ಬೇಡ. ಕಡ್ಡಿ, ಹಬ್ ಎಲ್ಲ ಬಿಚ್ಚಿಸು. ಒಂದು ಈ ತುದಿಗೆ, ಒಂದು ಆ ತುದಿಗೆ, ಒಂದು ನಡುವೆ. ಮೂರನ್ನೂ ನಾಲ್ಕು ಅಡಿ ಉದ್ದದ ನಾಲ್ಕು ಕಬ್ಬಿಣದ ಸರಳಿನಿಂದ ಒಳಗಡೆಯಿಂದ ಜೋಡಿಸಿ ವೆಲ್ಡಿಂಗ್ ಮಾಡಿಸು. ವೆಲ್ಡಿಂಗ್ ಜಾಗದಲ್ಲಿ ರಿಮ್ಮಿನ ಹೊಳಪು ಲೇಪ ಪೂರ್ತಿ ಉಜ್ಜಿ ತೆಗೆಸಬೇಕು. ಆ ಲೇಪ ಸುಟ್ಟ ಹೊಗೆ ಒಳ್ಳೆಯದಲ್ಲ. ಕೆಲಸ ಬಯಲಲ್ಲೇ ನಡೆಯಲಿ, ಕೋಣೆಯೊಳಗೆ ಬೇಡ.

ಜಾಲಿ ಅರ್ಧ ಇಂಚಿನ ಕಣ್ಣಿನದು ಸಾಕು. ನಾಲ್ಕು ಅಡಿ ಅಗಲದ್ದು ಏಳು ಅಡಿ ಉದ್ದ ತಗೊಂಡರೆ ಒಂದು ಸುತ್ತು ಬಂದು ಅಂಚಿನ ಮೇಲೆ ಅಂಚು ಕೂರುತ್ತದೆ. ಸತು ಲೇಪದ ಜಾಲಿಗೆ ವೆಲ್ಡಿಂಗ್ ಹೊಡೆಸಬೇಡ, ಅದರ ಹೊಗೆಗೂ ಜ್ವರ ಬರುತ್ತದೆ. ರಿಮ್ಮಿನಲ್ಲಿ ಕಡ್ಡಿ ಕೂರುವ ತೂತು ಇವೆಯಲ್ಲ, ಅವುಗಳಲ್ಲಿ ಕಟ್ಟುವ ತಂತಿ ಹಾಯಿಸಿ ಬಿಗಿಯಾಗಿ ಕಟ್ಟು. ಜಾಲಿ ಸವೆದರೆ ತಂತಿ ಕತ್ತರಿಸಿ ಹೊಸದು ಹಾಕಬಹುದು.

ಕಾಲು ಇಂಚಿನ ಜಾಲಿ ಹಾಕಲಾ ಅಂತ ಕೇಳುತ್ತೀಯ. ಬೇಡ. ಮಣ್ಣು ಹಿಟ್ಟಿನ ಹಾಗಾದರೆ ನೀರು ಹಾಕಿದ ಕೂಡಲೇ ಮೇಲೆ ಪದರ ಕಟ್ಟುತ್ತದೆ, ನೀರು ಇಳಿಯುವುದಿಲ್ಲ. ಕಡಲೆಕಾಳಿನಷ್ಟು ಹರಳು ಪ್ಯಾಕೆಟ್ಟಿನಲ್ಲಿ ಇರಲಿ, ಬೇರಿಗೆ ಗಾಳಿ ಆಡುತ್ತದೆ. ಪೂರ್ತಿ ನುಣ್ಣಗೆ ಬೇಕಾದದ್ದು ನಮ್ಮೂರಿನ ಬಿದರಿ ಕೆಲಸದವರಿಗೆ. ಅವರು ಮಣ್ಣಿಗೆ ಹರಳೆಣ್ಣೆ, ರಾಳ ಸೇರಿಸಿ ಎರಕದ ಅಚ್ಚು ಮಾಡುತ್ತಾರೆ. ಅಲ್ಲಿ ಒಂದು ಹರಳು ಉಳಿದರೂ ಹೂಜಿಯ ಮೈ ಕೆಡುತ್ತದೆ. ಸಸಿಗೆ ಅಷ್ಟು ನಾಜೂಕು ಬೇಡ.

ಡ್ರಮ್ಮಿನ ಕೆಳಗೆ ಕಬ್ಬಿಣದ ಆಂಗಲ್‌ನ ಒಂದು ಮಂಚ. ಅದರ ಮೇಲೆ ನಾಲ್ಕು ಸಣ್ಣ ಗಾಲಿ, ಕೈಗಾಡಿಗೆ ಹಾಕುತ್ತಾರಲ್ಲ ಅಂಥವು. ನೇರ ಗಾಲಿಯೇ ಇರಲಿ, ಅತ್ತಿತ್ತ ಹೊರಳುವ ಗಾಲಿ ಬೇಡ. ತುದಿಯ ಎರಡು ರಿಮ್ಮುಗಳಲ್ಲಿ ಟೈರ್ ಕೂರುವ ತಗ್ಗು ಇರುತ್ತದಲ್ಲ, ಗಾಲಿಗಳು ಅದರೊಳಗೇ ಓಡಲಿ. ಆಗ ಡ್ರಮ್ ಪಕ್ಕಕ್ಕೆ ಜಾರುವುದಿಲ್ಲ. ಆದರೂ ಇಳಿಜಾರಿನ ಕೆಳ ತುದಿಯಲ್ಲಿ ರಿಮ್ಮಿಗೆ ತಾಗುವ ಹಾಗೆ ಒಂದು ಗಾಲಿ ಅಡ್ಡ ಇಡಿಸು. ನಾನು ಅದನ್ನು ಬಿಟ್ಟಿದ್ದೆ. ಮೂರನೇ ದಿನ ಮಣ್ಣಿನ ಭಾರಕ್ಕೆ ಡ್ರಮ್ ಜಾರಿ ಕೆಳಗೆ ಬಿತ್ತು. ಅಲ್ಲಿ ಕೂತು ಕಲ್ಲು ಬಳಿಯುತ್ತಿದ್ದ ಹೆಣ್ಣುಮಗಳ ಕಾಲಿಗೆ ಒಂದು ಗೇಣು ತಪ್ಪಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡ್ರಮ್ಮಿನ ಒಳಗೆ ಉದ್ದಕ್ಕೂ ಒಂದು ಇಂಚಿನ ಮೂರು ಪಟ್ಟಿ ಕೂರಿಸು. ಅವು ಮಣ್ಣನ್ನು ಎತ್ತಿ ಎತ್ತಿ ಬೀಳಿಸುತ್ತವೆ, ಹೆಂಟೆ ಒಡೆಯುತ್ತದೆ. ಡ್ರಮ್ಮಿನ ನೆತ್ತಿಯ ಮೇಲೆ ಹೊರಗಡೆಯಿಂದ ತೆಂಗಿನ ಕಡ್ಡಿಯ ಕಸಬರಿಗೆ ಒತ್ತಿಕೊಂಡಿರುವ ಹಾಗೆ ಕಟ್ಟು. ಕಣ್ಣಿನಲ್ಲಿ ಸಿಕ್ಕಿಕೊಂಡ ಹರಳನ್ನು ಅದು ಮತ್ತೆ ಒಳಗೆ ತಳ್ಳುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದಿನಕ್ಕೆ ನಾಲ್ಕು ಸಲ ನಿಲ್ಲಿಸಿ ಮೊಳೆಯಿಂದ ಕೀಳುತ್ತಿದ್ದೆವು, ಒಂದು ದಿನ ಹೊಳೆಯಿತು.

ಇಳಿಜಾರು ನಾಲ್ಕು ಅಡಿಗೆ ನಾಲ್ಕು ಇಂಚು ಇಟ್ಟು ಶುರು ಮಾಡು. ಕಲ್ಲಿನ ಜೊತೆ ಮಣ್ಣೂ ಹೊರಗೆ ಬಂದರೆ ಇಳಿಜಾರು ಕಡಿಮೆ ಮಾಡು. ಒಳಗೇ ಕಲ್ಲು ತುಂಬಿಕೊಂಡರೆ ಜಾಸ್ತಿ ಮಾಡು. ಮಂಚದ ಕಾಲಿನ ಕೆಳಗೆ ಹಲಗೆ ಇಟ್ಟರೆ ಮುಗಿಯಿತು.

ಇನ್ನು ನೀನು ಕೇಳಿದ ಮೋಟಾರ್. ಅರ್ಧ ಎಚ್‌ಪಿ ಸಾಕು, ಸಿಂಗಲ್ ಫೇಸ್, ನಿಮಿಷಕ್ಕೆ 1,440 ಸುತ್ತಿನದು. ಆದರೆ ಎಚ್‌ಪಿಗಿಂತ ಮುಖ್ಯ ವೇಗ. ಜಾಸ್ತಿ ಜನ ತಪ್ಪುವುದು ಇಲ್ಲೇ. ಜೋರಾಗಿ ತಿರುಗಿದರೆ ಕೆಲಸ ಬೇಗ ಆಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಆಗುವುದಿಲ್ಲ. ಕೊಡದಲ್ಲಿ ನೀರು ತುಂಬಿ ಕೈಯಲ್ಲಿ ಗರಗರ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ನೋಡಿದ್ದೀಯಲ್ಲ. ಹಾಗೇ ಇಷ್ಟು ಅಗಲದ ಡ್ರಮ್ ನಿಮಿಷಕ್ಕೆ 54 ಸುತ್ತಿನ ಹತ್ತಿರ ಹೋದರೆ ಮಣ್ಣು, ಕಲ್ಲು ಎಲ್ಲ ಗೋಡೆಗೆ ಅಂಟಿಕೊಂಡು ಸುತ್ತು ಬರುತ್ತವೆ. ಬೀಳುವುದೇ ಇಲ್ಲ. ಅದರ ಅರ್ಧಕ್ಕಿಂತ ಕಡಿಮೆ ಇರಬೇಕು. ನನ್ನದು 24 ಸುತ್ತು.

1,440ರಿಂದ 24ಕ್ಕೆ ಇಳಿಸುವುದು ಎರಡು ಹೆಜ್ಜೆಯಲ್ಲಿ. ಮೋಟಾರಿಗೆ 2 ಇಂಚಿನ ಪುಲ್ಲಿ, ಅದರಿಂದ ಬೆಲ್ಟು ಬೇರೊಂದು ಶಾಫ್ಟಿನ 12 ಇಂಚಿನ ಪುಲ್ಲಿಗೆ. ಅಲ್ಲಿಗೆ 240 ಆಯಿತು. ಅದೇ ಶಾಫ್ಟಿನ ಇನ್ನೊಂದು ತುದಿಗೆ ಎರಡೂವರೆ ಇಂಚಿನ ಪುಲ್ಲಿ, ಅದರಿಂದ ಉದ್ದ ಬೆಲ್ಟು ನೇರ ಡ್ರಮ್ಮಿನ ನಡುವಿನ ರಿಮ್ಮಿಗೆ. ರಿಮ್ ಸುಮಾರು 25 ಇಂಚು, ಅದೇ ದೊಡ್ಡ ಪುಲ್ಲಿ. ಹತ್ತಕ್ಕೆ ಒಂದು, 24 ಸುತ್ತು. ಅದಕ್ಕೇ ನಡುವೆ ರಿಮ್ ಇಡು ಅಂದಿದ್ದು. ಗೇರ್ ಬಾಕ್ಸ್ ಖರ್ಚು ಉಳಿಯಿತು.

ಮೋಟಾರ್ ಕೊಳ್ಳುವ ಮೊದಲು ಎರಡು ವಾರ ಕೈಯಿಂದಲೇ ತಿರುಗಿಸು. ಒಬ್ಬರು ಮಣ್ಣು ಹಾಕಲಿ, ಒಬ್ಬರು ಡ್ರಮ್ಮಿನ ಮೈ ಹಿಡಿದು ತಳ್ಳಲಿ. ಸದ್ದು ಕೇಳು. ಕಲ್ಲು ಡ್ರಮ್ಮಿನ ಹೆಗಲವರೆಗೆ ಏರಿ ಗಲಗಲ ಅಂತ ಬಿದ್ದರೆ ವೇಗ ಸರಿ ಇದೆ. ಬರೀ ಜರ್ ಅಂತ ತಳದಲ್ಲೇ ಜಾರಿದರೆ ನಿಧಾನ ಆಯಿತು. ಸದ್ದೇ ಇಲ್ಲ ಅಂದರೆ ಜೋರಾಯಿತು. ಈ ಸದ್ದು ಕಿವಿಗೆ ಕೂತ ಮೇಲೆ ಮೋಟಾರ್ ಹಾಕು.

ಬೆಲ್ಟು, ಪುಲ್ಲಿಗಳ ಮೇಲೆ ತಗಡಿನ ಮುಚ್ಚಳ ಇಲ್ಲದೆ ಒಂದು ದಿನವೂ ಓಡಿಸಬೇಡ. ಎರಡನೇ ವರ್ಷ ನನ್ನ ಸೆರಗಿನ ತುದಿ ಬೆಲ್ಟಿಗೆ ಸಿಕ್ಕಿತು. ಸೊಸೆ ಓಡಿ ಬಂದು ಸ್ವಿಚ್ ಆರಿಸಿದಳು, ನಾನು ಉಳಿದೆ. ಸ್ವಿಚ್ಚು ಕೈಗೆ ಎಟುಕುವ ಹಾಗೆ ಮಂಚಕ್ಕೇ ಇರಬೇಕು, ಗೋಡೆಯ ಮೇಲಲ್ಲ. ಅರ್ಥಿಂಗ್ ಮಾಡಿಸು. ಟವೆಲ್ ಕೊರಳಿಗೆ ಸುತ್ತಿಕೊಂಡು ಹತ್ತಿರ ಹೋಗಬೇಡ. ಅಪ್ಪನಿಗೂ ಹೇಳು, ನಮ್ಮ ಕಡೆ ಗಂಡಸರು ಟವೆಲ್ ಬಿಡುವುದಿಲ್ಲ. ಧೂಳು ಜಾಸ್ತಿ ಬರುತ್ತದೆ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ.

ಇಷ್ಟೆಲ್ಲ ಸರಿ ಮಾಡಿದರೂ ಮಣ್ಣು ಹದ ಇಲ್ಲದಿದ್ದರೆ ಯಂತ್ರ ಏನೂ ಮಾಡಲಾರದು. ಮಳೆ ಬಿದ್ದ ಮಾರನೇ ದಿನ ಹಾಕಿದರೆ ಹರಳಿನ ಸುತ್ತ ಮಣ್ಣು ಮೆತ್ತಿಕೊಂಡು ಲಾಡಿನ ಹಾಗೆ ಉರುಳಿ ಹೊರಗೆ ಬರುತ್ತದೆ. ಅರ್ಧ ಮಣ್ಣು ಕಲ್ಲಿನ ಜೊತೆಗೇ ಹೋಯಿತು. ಪೂರ್ತಿ ಒಣಗಿದ್ದರೆ ಹೆಂಟೆ ಒಡೆಯುವುದಿಲ್ಲ, ಧೂಳು ಏಳುತ್ತದೆ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಅಮುಕಿ ನೋಡು. ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ತೀರಾ ಒಣಗಿದ್ದರೆ ಹಿಂದಿನ ಸಂಜೆ ನೀರು ಚಿಮುಕಿಸಿ ತಾಡಪತ್ರಿ ಮುಚ್ಚಿಡು, ಬೆಳಗ್ಗೆ ಹದಕ್ಕೆ ಬಂದಿರುತ್ತದೆ. ನಾನು ಫೆಬ್ರವರಿಯಲ್ಲಿ ಶುರು ಮಾಡಿ ಏಪ್ರಿಲ್ ಒಳಗೆ ಮುಗಿಸುತ್ತೇನೆ. ಬಿಸಿಲು ಏರುವ ಮೊದಲು, ಬೆಳಗ್ಗೆ 6ರಿಂದ 10ರವರೆಗೆ. ಒಂದು ಸಲಕ್ಕೆ ಒಂದೇ ಪುಟ್ಟಿ ಮಣ್ಣು ಹಾಕು, ಅದು ಖಾಲಿಯಾದ ಮೇಲೆ ಇನ್ನೊಂದು.

ಪ್ರಶ್ನೆ: ನಮ್ಮದು ಚಿತ್ತಾಪುರ ಕಡೆಯ ಎರೆ ಹೊಲ. ಕುಂಡಕ್ಕೆ ಅದೇ ಮಣ್ಣು ಜರಡಿ ಹಿಡಿಯಲು ಹೋದರೆ ಬರೀ ಹೆಂಟೆ, ಒಂದು ಬುಟ್ಟಿಯೂ ಇಳಿಯುವುದಿಲ್ಲ. ನಡುವೆ ಬಿಳಿ ಬಿಳಿ ಕಲ್ಲು ಬೇರೆ. ಏನು ಮಾಡಲಿ?
— ಒಬ್ಬ ಗೃಹಿಣಿ, ಕಲಬುರಗಿ ಜಿಲ್ಲೆ

ಉತ್ತರ: ತಂಗೀ, ಎರೆ ಮಣ್ಣಿಗೆ ಬಡಿಗೆ ಹಿಡಿಯಬೇಡಿ. ಅದಕ್ಕೆ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಗುಣ. ಬೇಸಿಗೆಯಲ್ಲಿ ಹೊಲ ಕೈ ಹೋಗುವಷ್ಟು ಬಿರಿಯುವುದು ಅದಕ್ಕೇ. ಆ ಗುಣವನ್ನೇ ಬಳಸಿಕೊಳ್ಳಿ. ಹೆಂಟೆಗಳನ್ನು ತೆಳ್ಳಗೆ ಹರಡಿ, ಪೂರ್ತಿ ಒಣಗಲಿ. ಮೇಲೆ ನೀರು ಚಿಮುಕಿಸಿ ಎರಡು ಮೂರು ದಿನ ಬಿಸಿಲಿಗೆ ಬಿಡಿ. ಇನ್ನೊಂದು ಸಲ ಹಾಗೇ ಮಾಡಿ. ಹೆಂಟೆ ತಾನಾಗಿಯೇ ಜೋಳದ ಕಾಳಿನಷ್ಟು ಪುಡಿಯಾಗುತ್ತದೆ, ಆಮೇಲೆ ಜಾಲಿಗೆ ಹಾಕಿ. ಬಿಳಿ ಕಲ್ಲು ಸುಣ್ಣದ ಹರಳು. ಎರೆ ನೆಲದಲ್ಲಿ ಅದು ಇದ್ದದ್ದೇ, ಕೈಯಿಂದ ಆರಿಸಿದರೆ ಸಾಕು. ಆದರೆ ಬರೀ ಎರೆ ಮಣ್ಣು ಕುಂಡಕ್ಕೆ ತುಂಬಬೇಡಿ, ಒಣಗಿದಾಗ ಅಂಚು ಬಿಟ್ಟು ನೀರೆಲ್ಲ ಪಕ್ಕದಿಂದ ಇಳಿದು ಹೋಗುತ್ತದೆ. ಒಂದು ಪಾಲು ಎರೆಗೆ ಒಂದು ಪಾಲು ಉಸುಕು, ಒಂದು ಪಾಲು ಹಳೇ ಗೊಬ್ಬರ ಕಲಸಿ.

ಪ್ರಶ್ನೆ: ಗುರುಮಠಕಲ್ ಹತ್ತಿರ ಎರಡು ಎಕರೆ ಕಲ್ಲು ನೆಲ ಇದೆ. ಅಂಥ ಯಂತ್ರ ಮಾಡಿಸಿ ಇಡೀ ಹೊಲದ ಕಲ್ಲು ತೆಗೆಯಬಹುದಾ?
— ಒಬ್ಬ ರೈತ, ಯಾದಗಿರಿ ಜಿಲ್ಲೆ

ಉತ್ತರ: ಬೇಡ ಅಣ್ಣಾ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣೇ 800 ಟನ್ ದಾಟುತ್ತದೆ. ಅಷ್ಟನ್ನು ಅಗೆದು ಮಗುಚಿದರೆ ಮೇಲಿನ ಫಲವತ್ತು ಮಣ್ಣು ಕೆಳಗೆ ಹೋಗುತ್ತದೆ. ಸಣ್ಣ ಕಲ್ಲು ಹೊಲಕ್ಕೆ ವೈರಿ ಅಲ್ಲ. ಮಳೆ ಹನಿ ನೇರ ಮಣ್ಣಿಗೆ ಬಡಿಯದ ಹಾಗೆ ತಡೆಯುತ್ತದೆ, ಅದರ ಕೆಳಗೆ ತೇವ ಉಳಿಯುತ್ತದೆ. ಕೊಪ್ಪಳ, ಗದಗ ಕಡೆ ರೈತರು ಎರೆ ಹೊಲಕ್ಕೆ ಬೇಕಂತಲೇ ಉಸುಕು, ಗರಸು ತಂದು ಹೊದಿಸುತ್ತಾರೆ, ತೇವ ಉಳಿಯಲಿ ಅಂತ. ನೇಗಿಲಿಗೆ, ಕುಂಟೆಗೆ ತಾಗುವ ದೊಡ್ಡ ಕಲ್ಲನ್ನು ಮಾತ್ರ ಪ್ರತಿ ವರ್ಷ ಹರಗುವಾಗ ಆರಿಸಿ ಬದುವಿಗೆ ಒಟ್ಟಿ. ನೀರು ಹರಿದು ಕೊಚ್ಚುವ ಕಡೆ ಇಳಿಜಾರಿಗೆ ಅಡ್ಡವಾಗಿ ಒಟ್ಟಿದರೆ ಮಣ್ಣು ಅಲ್ಲೇ ನಿಲ್ಲುತ್ತದೆ. ಯಂತ್ರ ಬೇಕಾಗುವುದು ಮನೆ ಹಿಂದಿನ ತರಕಾರಿ ಮಡಿಗೆ ಮಾತ್ರ. ಅದಕ್ಕೆ ಹುಮನಾಬಾದಿನ ತಮ್ಮನಿಗೆ ಮೇಲೆ ಬರೆದ ಅಳತೆಗಳೇ ಸಾಕು. ಮೋಟಾರ್ ಬೇಡ, ಕೈಯಿಂದ ತಿರುಗಿಸಿ.