ಎಫುರುವಿನಿಂದ ಯೆಜಿಡೆಯವರೆಗೆ

ನೈಜೀರಿಯಾದ ಲೇಖಕ ಚಿನುವಾ ಅಚೆಬೆಯವರ ಕಾದಂಬರಿಯಲ್ಲಿ ಗಂಡನಿಂದ ಪೆಟ್ಟು ತಿನ್ನುವ ಹೆಂಡತಿಯರನ್ನಷ್ಟೇ ಕಂಡೆ, ನೈಜೀರಿಯಾದ ಹೆಣ್ಣು ಆ ಮನೆಯಿಂದ ಹೊರಗೆ ಬಂದದ್ದು ಯಾವಾಗ, ಯಾವ ಪುಸ್ತಕದಲ್ಲಿ ಎಂದು ಕೇಳಿದ್ದೀರಿ.

ಅವಳು ಮೊದಲಿನಿಂದಲೂ ಹೊರಗೇ ಇದ್ದಳು ಎಂಬುದು ನನ್ನ ಉತ್ತರ. ಅಚೆಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಹೆಚ್ಚಾಗಿ ಕಥಾನಾಯಕ ಓಕೊಂಕ್ವೊನ ಅಂಗಳದಲ್ಲಿ ನಿಂತು ನೋಡುತ್ತದೆ. ಅವನದೇ ನಾಡಾದ, ಆಗ್ನೇಯ ನೈಜೀರಿಯಾದ ಇಗ್ಬೊ ಜನರ ಸಂತೆಗಳಲ್ಲಿ ಹೆಂಗಸರದೇ ಕಾರುಬಾರು. 1929ರಲ್ಲಿ ಬ್ರಿಟಿಷ್ ಸರ್ಕಾರ ಹೆಂಗಸರ ಮೇಲೂ ತೆರಿಗೆ ಹಾಕಲಿದೆ ಎಂಬ ಸುದ್ದಿ ಹಬ್ಬಿದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ಎದ್ದು ನಿಂತರು. ಸರ್ಕಾರ ನೇಮಿಸಿದ ಮುಖಂಡರ ಮನೆಗಳಿಗೆ ಹಾಡುತ್ತ, ಕುಣಿಯುತ್ತ ಮುತ್ತಿಗೆ ಹಾಕಿದರು. ಐವತ್ತಕ್ಕೂ ಹೆಚ್ಚು ಹೆಂಗಸರು ಗುಂಡಿಗೆ ಬಲಿಯಾದರು. ಈ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಮುಂದಿನದೆಲ್ಲ ಬೇರೆಯಾಗಿ ಕಾಣುತ್ತದೆ.

ಅದಾದ ಎರಡು ವರ್ಷಕ್ಕೆ ಅದೇ ನಾಡಿನ ಒಗುಟಾ ಊರಿನಲ್ಲಿ ಹುಟ್ಟಿದವರು ಲೇಖಕಿ ಫ್ಲೋರಾ ನ್ವಾಪಾ. 1966ರಲ್ಲಿ ಬಂದ ಅವರ 'ಎಫುರು' ಕಾದಂಬರಿಯಿಂದಲೇ ಓದು ಶುರುಮಾಡಿ. ಎಫುರು ಮೆಚ್ಚಿದ ಹುಡುಗನಿಗೆ ತೆರ, ಅಂದರೆ ಹೆಣ್ಣಿನ ಮನೆಯವರಿಗೆ ಗಂಡು ಕೊಡಬೇಕಾದ ಹಣ, ಕೊಡುವ ತಾಕತ್ತಿಲ್ಲ. ಅವಳು ತಂದೆಯ ಒಪ್ಪಿಗೆಗೂ ಕಾಯದೆ ಅವನ ಮನೆ ಸೇರುತ್ತಾಳೆ, ವ್ಯಾಪಾರಕ್ಕಿಳಿಯುತ್ತಾಳೆ, ಗಳಿಸಿದ ಮೇಲೆ ತೆರ ಸಂದಾಯವಾಗುತ್ತದೆ. ಊರಿನಲ್ಲಿ ಕಷ್ಟ ಬಂದವರಿಗೆ ಸಾಲ ಕೊಡುವವಳೂ ಅವಳೇ. ಆದರೆ ಹುಟ್ಟಿದ ಒಬ್ಬಳೇ ಮಗಳು ತೀರಿಕೊಳ್ಳುತ್ತಾಳೆ, ಎರಡು ಮದುವೆಗಳೂ ಮುರಿಯುತ್ತವೆ. ಹಣ, ಒಳ್ಳೆಯ ಹೆಸರು, ದಾನಗುಣ ಎಲ್ಲವೂ ಇದ್ದವಳನ್ನು ಊರು ತೊಟ್ಟಿಲು ನೋಡಿಯೇ ಅಳೆಯುತ್ತದೆ. ಕೊನೆಗೆ ಅವಳಿಗೆ ಆಸರೆಯಾಗುವುದು ಸರೋವರದ ದೇವಿ ಉಹಾಮಿರಿ. ದೇವಿಗೆ ರೂಪವಿದೆ, ಸಂಪತ್ತಿದೆ, ಮಕ್ಕಳಿಲ್ಲ. ತಾಯ್ತನದ ಸುಖವನ್ನೇ ಕಾಣದ ಈಕೆಯನ್ನು ಹೆಂಗಸರೇಕೆ ಪೂಜಿಸುತ್ತಾರೆ ಎಂದು ಕೇಳಿ ಕಾದಂಬರಿ ನಿಲ್ಲುತ್ತದೆ.

ಆ ಪ್ರಶ್ನೆಯನ್ನು ಎತ್ತಿಕೊಂಡವರು ನೈಜೀರಿಯಾದ ಇನ್ನೊಬ್ಬ ಲೇಖಕಿ ಬುಚಿ ಎಮೆಚೆಟಾ. ಅವರ 'ದಿ ಜಾಯ್ಸ್ ಆಫ್ ಮದರ್‌ಹುಡ್' ('ತಾಯ್ತನದ ಸುಖಗಳು', 1979) ತನ್ನ ಹೆಸರನ್ನು ಪಡೆದದ್ದೇ ನ್ವಾಪಾ ಅವರ ಆ ಕೊನೆಯ ಸಾಲುಗಳಿಂದ. ಹಾಗಾಗಿ ಎರಡನ್ನೂ ಒಂದರ ಬೆನ್ನಿಗೆ ಒಂದು ಓದಬೇಕು. ಇಲ್ಲಿ ನ್ನು ಎಗೋ ಲಾಗೋಸ್ ನಗರದಲ್ಲಿ, ಬಿಳಿಯರ ಮನೆಯ ಬಟ್ಟೆ ಒಗೆಯುವವನ ಹೆಂಡತಿ. ಹಸುಗೂಸು ಸತ್ತ ಬೆಳಗ್ಗೆ ಸೇತುವೆಯಿಂದ ಹಾರಲು ಓಡುತ್ತಿರುವವಳಾಗಿ ಅವಳನ್ನು ನಾವು ಮೊದಲು ಕಾಣುತ್ತೇವೆ. ಆಮೇಲೆ ಮಕ್ಕಳಾಗುತ್ತವೆ, ಒಂದರ ಮೇಲೊಂದು. ಸಿಗರೇಟು, ಬೆಂಕಿಪೊಟ್ಟಣ ಮಾರಿ ಅವುಗಳ ಹೊಟ್ಟೆ ತುಂಬಿಸುತ್ತಾಳೆ, ಓದಿಸುತ್ತಾಳೆ. ದೊಡ್ಡ ಗಂಡುಮಕ್ಕಳಿಬ್ಬರು ಅಮೆರಿಕ, ಕೆನಡಾ ಸೇರುತ್ತಾರೆ. ಇವಳು ಊರಿನ ದಾರಿಬದಿಯಲ್ಲಿ, ಕೈಹಿಡಿಯುವವರಿಲ್ಲದೆ ಸಾಯುತ್ತಾಳೆ. ಮಕ್ಕಳು ಬಂದು ಅದ್ದೂರಿಯಾಗಿ ಮಣ್ಣು ಮಾಡುತ್ತಾರೆ, ಗುಡಿಯನ್ನೂ ಕಟ್ಟಿಸುತ್ತಾರೆ. ಮಕ್ಕಳ ಭಾಗ್ಯ ಕೊಡು ಎಂದು ಅಲ್ಲಿಗೆ ಬರುವ ಹೆಂಗಸರಿಗೆ ನ್ನು ಎಗೋ ಒಲಿಯುವುದೇ ಇಲ್ಲ. ಇಷ್ಟು ಕಟುವಾದ ಮುಕ್ತಾಯವನ್ನು ನಾನು ಬೇರೆ ಕಾದಂಬರಿಗಳಲ್ಲಿ ಕಂಡಿಲ್ಲ.

ಅದರಲ್ಲಿ ಅಡಾಕು ಎಂಬ ಸವತಿಯಿದ್ದಾಳೆ, ಅವಳನ್ನು ಗಮನಿಸಿ. ಗಂಡುಮಗನಿಲ್ಲದವಳೆಂಬ ತಾತ್ಸಾರ ಸಾಕಾಗಿ ಮನೆ ಬಿಟ್ಟು, ಕೆಟ್ಟ ಹೆಸರಿಗೂ ಅಂಜದೆ, ತನ್ನ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಾಳೆ. ನೀವು ಹುಡುಕುತ್ತಿರುವ ಬದಲಾವಣೆ ನನಗೆ ಮೊದಲು ಕಂಡದ್ದು ಇವಳಲ್ಲಿ. ಎಮೆಚೆಟಾ ಸ್ವತಃ ತಮ್ಮ ಹಸ್ತಪ್ರತಿಯನ್ನು ಸುಟ್ಟ ಗಂಡನನ್ನು ಲಂಡನ್ನಿನಲ್ಲಿ ಬಿಟ್ಟು, ಐದು ಮಕ್ಕಳನ್ನು ಸಾಕುತ್ತ ಬರೆದವರು.

ಓದು, ಉದ್ಯೋಗ ಬಂದ ಮೇಲಾದರೂ ಈ ಹೊರೆ ಇಳಿಯಿತೇ ಎಂದು ನೋಡಲು ಅಯೊಬಾಮಿ ಅಡೆಬಾಯೊ ಅವರ 'ಸ್ಟೇ ವಿತ್ ಮಿ' (2017) ಓದಿ. 1980ರ ದಶಕ, ನೈಋತ್ಯ ನೈಜೀರಿಯಾದ ಯೊರುಬಾ ಜನರ ಇಲೆಶಾ ಪಟ್ಟಣ. ಯೆಜಿಡೆ ವಿಶ್ವವಿದ್ಯಾಲಯ ಕಂಡವಳು, ಸ್ವಂತ ಸಲೂನ್ ನಡೆಸುವವಳು. ಮಕ್ಕಳಾಗಲಿಲ್ಲವೆಂದು ಅತ್ತೆಯ ಕಡೆಯವರು ಗಂಡನಿಗೆ ಎರಡನೆಯ ಹೆಂಡತಿಯನ್ನು ತರುತ್ತಾರೆ. ಯೆಜಿಡೆ ಹರಕೆಗೆಂದು ಬಿಳಿ ಮೇಕೆಯೊಂದನ್ನು ಬೆಟ್ಟಕ್ಕೆ ಎಳೆದೊಯ್ಯುತ್ತಾಳೆ, ಅಲ್ಲಿ ಅದನ್ನು ಕೂಸಿನಂತೆ ಎದೆಗೆ ಹಿಡಿಯುತ್ತಾಳೆ. ಓದಿದ ಹೆಣ್ಣನ್ನು ಅಲ್ಲಿಗೆ ತಂದು ನಿಲ್ಲಿಸಿದವರು ಯಾರು ಎಂದು ನನಗೆ ಸಿಟ್ಟು ಬಂತು. ಮದುವೆಯ ಗುಟ್ಟನ್ನು ಇಲ್ಲಿ ಹೇಳುವುದಿಲ್ಲ. ಎಫುರುವಿನ ಕಾಲದಲ್ಲಿ ಹೆಂಡತಿಗಷ್ಟೇ ಇದ್ದ ವಿಚಾರಣೆ ಈ ಕಾದಂಬರಿಯಲ್ಲಿ ಗಂಡನಿಗೂ ಎದುರಾಗುತ್ತದೆ, ಅವನೇ ಬಾಯಿಬಿಟ್ಟು ತನ್ನ ಕಥೆ ಹೇಳಬೇಕಾಗುತ್ತದೆ.

ಇವೆಲ್ಲ ಇಂಗ್ಲಿಷಿನಲ್ಲಿ ಬರೆದವರ ಮಾತಾಯಿತು. ಉತ್ತರ ನೈಜೀರಿಯಾದ ಕಾನೊ ನಗರದಲ್ಲಿ ಹೆಂಗಸರು ಹೌಸಾ ಭಾಷೆಯಲ್ಲಿ ಬರೆದು, ಸಂತೆಯಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುವ ಕಿರುಕಾದಂಬರಿಗಳ ದೊಡ್ಡ ಲೋಕವೇ ಇದೆ. ಅದರ ಮುಖ್ಯ ಲೇಖಕಿ ಬಲರಾಬಾ ರಮಾತ್ ಯಾಕುಬು, ಬಾಲ್ಯದಲ್ಲೇ ಮದುವೆಯಾದವರು. ಗಂಡ ಮನೆಯಿಂದ ಹೊರಹಾಕಿದ ತಾಯಿಯೊಬ್ಬಳು ಅಡುಗೆ ಮಾಡಿ ಮಾರುತ್ತ ಮಕ್ಕಳನ್ನು ಸಾಕುವ ಅವರ ಕಾದಂಬರಿಯನ್ನು 2012ರಲ್ಲಿ ಇಂಗ್ಲಿಷಿಗೆ ತಂದದ್ದು ನಮ್ಮ ಪಕ್ಕದ ಚೆನ್ನೈನ ಬ್ಲಾಫ್ಟ್ ಪ್ರಕಾಶನ. ಹೆಸರು 'ಸಿನ್ ಈಸ್ ಎ ಪಪ್ಪಿ ದಟ್ ಫಾಲೋಸ್ ಯು ಹೋಮ್'. ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ.