ರೋಹಿಣಿ ಮಳೆಗೆ ಮುಂಚೆ ಮನೆಯ ಕೆಲಸ

ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗಾಗುವ ಹೊತ್ತಿಗೆ ಈ ಅಂಕಣಕ್ಕೆ ಸೋರುವ ಮಾಡಿನ ಪತ್ರಗಳೂ ಬರತೊಡಗುತ್ತವೆ. ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ್ದರಲ್ಲಿ ಮನೆ ದುರಸ್ತಿಯ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಆರ್‌ಸಿಸಿ ಮನೆ, ಕಟ್ಟಿ ಒಂಬತ್ತು ವರ್ಷವಾಯಿತು. ಮಾಡಬೇಕಾದ ಕೆಲಸಗಳನ್ನೆಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ನಲವತ್ತಕ್ಕೂ ಹೆಚ್ಚಾಯಿತು. ಎರಡು ತಿಂಗಳು ಕೂಡ ನಡೆಯಲಿಲ್ಲ. ಯಾವುದನ್ನು ಯಾವಾಗ ಮಾಡುವುದು, ಯಾವುದನ್ನು ಬಿಟ್ಟರೂ ನಡೆಯುತ್ತದೆ, ದಯವಿಟ್ಟು ತಿಳಿಸಿ. – ಶಿಕ್ಷಕಿ, ಹಾಸನ

ಉತ್ತರ: ನಲವತ್ತು ಕೆಲಸದ ಪಟ್ಟಿಯನ್ನು ಯಾರೂ ಪಾಲಿಸುವುದಿಲ್ಲ, ನೀವೊಬ್ಬರೇ ಅಲ್ಲ. ಅದನ್ನು ಹರಿದು ಹಾಕಿ. ಪ್ರಾಣಕ್ಕೆ ಕುತ್ತು ತರುವುದು ವಿದ್ಯುತ್, ಗ್ಯಾಸ್ ಮತ್ತು ಕುಡಿಯುವ ನೀರು. ಮನೆಯನ್ನು ಹಾಳುಮಾಡುವುದು ಮಳೆನೀರು. ಮೊದಲು ಈ ನಾಲ್ಕು. ಬಣ್ಣ, ಪಾಲಿಶ್, ಕಾಂಪೌಂಡಿನ ಗಿಲಾವು ಮುಂದಿನ ವರ್ಷಕ್ಕೆ ಹೋದರೂ ನಷ್ಟವಿಲ್ಲ.

ತಾರೀಖು ನೆನಪಿಟ್ಟುಕೊಳ್ಳುವ ಬದಲು ಹೇಗೂ ನಡೆಯುವ ಸಂಗತಿಗೆ ಕೆಲಸವನ್ನು ಗಂಟು ಹಾಕಿ. ಕರೆಂಟ್ ಬಿಲ್ ಬಂದ ದಿನ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಟೆಸ್ಟ್ ಗುಂಡಿ ಒತ್ತುವುದು. ಹೊಸ ಸಿಲಿಂಡರ್ ಕೂರಿಸಿದ ದಿನ ರೆಗ್ಯುಲೇಟರ್ ಮತ್ತು ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು. ಭಾನುವಾರ ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತೆರೆದಿಟ್ಟ ಡ್ರಮ್ಮು ಖಾಲಿ ಮಾಡುವುದು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚುವವರೆಗೆ ಸುಮಾರು 7ರಿಂದ 10 ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿದರೆ ಸಾಕು. ಆಯುಧಪೂಜೆಗೆ ಹೇಗೂ ಮೋಟಾರು, ಏಣಿ, ಸ್ಪ್ಯಾನರ್ ಒರೆಸುತ್ತೀರಿ. ಅವತ್ತೇ ಬಾಗಿಲು, ಗೇಟಿನ ತಿರುಗಣೆಗೆ ಎಣ್ಣೆ ಬಿಡಿ, ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿ. ಬ್ಯಾಟರಿಯ ನೀರನ್ನು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ನೋಡಲೇಬೇಕು.

ಉಳಿದಿದ್ದು ಋತುವಿನ ಕೆಲಸ. ನಮ್ಮ ಕಡೆ ಇದಕ್ಕೆ ಪಂಚಾಂಗದ ಮಳೆ ನಕ್ಷತ್ರಗಳೇ ಅನುಕೂಲ. ತಾರಸಿ, ಮಾಡು, ನೀರಿನ ಕೊಳವೆಗಳ ಕೆಲಸ ಏಪ್ರಿಲ್ ಕೊನೆಯ ಭರಣಿ ಮಳೆಯೊಳಗೆ ಶುರುವಾಗಿ, ಮೇ ಕೊನೆಯ ರೋಹಿಣಿಯೊಳಗೆ ಮುಗಿಯಬೇಕು. ಜೂನ್ ಮೊದಲ ವಾರದ ನಂತರ ಮೃಗಶಿರ ಹಿಡಿಯುತ್ತದೆ, ಆಮೇಲೆ ಮೇಸ್ತ್ರಿಯೂ ಸಿಗುವುದಿಲ್ಲ, ಸಿಮೆಂಟೂ ಒಣಗುವುದಿಲ್ಲ. ಬಣ್ಣ ಮತ್ತು ಮರದ ಕೆಲಸ ಸ್ವಾತಿ ಮಳೆ ಕಳೆದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿಯೊಳಗೆ.

ಈ ಸಮಯ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮ ತಾರಸಿಯನ್ನೇ ತೆಗೆದುಕೊಳ್ಳಿ. ವಾಟರ್‌ಪ್ರೂಫ್ ಕೋಟಿಂಗ್ ಬಹುತೇಕ ಒಣ ಮೈಗೆ ಮಾತ್ರ ಹಿಡಿಯುತ್ತದೆ. ಕಾಂಕ್ರೀಟಿನೊಳಗೆ ತೇವವಿದ್ದರೆ ಬಿಸಿಲು ಬಿದ್ದಾಗ ಅದು ಆವಿಯಾಗಿ ಕೋಟಿಂಗನ್ನು ಕೆಳಗಿನಿಂದ ಎತ್ತುತ್ತದೆ. ಮೊದಲು ಗುಳ್ಳೆ, ಆಮೇಲೆ ಸಿಪ್ಪೆ. ಬಳಿಯುವ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಬಿರುಕಿದ್ದರೆ ಮೇಲೆ ಬಳಿದು ಮುಚ್ಚಬೇಡಿ. 5-6 ಮಿ.ಮೀ. ಅಗಲ, ಅಷ್ಟೇ ಆಳಕ್ಕೆ ಕೊರೆದು, ದೂಳು ಊದಿ, ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ, ಆಮೇಲೆ ಅಡ್ಡಡ್ಡ ಎರಡು ಕೋಟ್. ಪ್ಯಾರಾಪೆಟ್ ಗೋಡೆ ನೆಲವನ್ನು ಸೇರುವ ಮೂಲೆ ಮತ್ತು ಮಳೆನೀರಿನ ಪೈಪಿನ ಬಾಯಿ, ಸೋರಿಕೆ ಹೆಚ್ಚಾಗಿ ಇವೆರಡೇ ಜಾಗದಲ್ಲಿ. ಅಲ್ಲಿ ಕೋಟುಗಳ ನಡುವೆ ಫೈಬರ್ ಜಾಲರಿ ಕೂರಿಸಲು ಹೇಳಿ. ಒಳಗಿನಿಂದ ಸೀಲಿಂಗಿಗೆ ಬಣ್ಣ ಹೊಡೆಸುವುದು ದಂಡ.

ಇನ್ನೊಂದು ಮಾತು. ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಬಣ್ಣದ ಶೇಡ್ ನಂಬರ್, ಮೋಟಾರಿನ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್, ನಲ್ಲಿ ವಾಷರ್ ಅರ್ಧ ಇಂಚೋ ಮುಕ್ಕಾಲೋ, ಕೊನೆಯ ಸಲ ಟ್ಯಾಂಕ್ ತೊಳೆದದ್ದು ಯಾವಾಗ, ಎಲ್ಲ ಅದರಲ್ಲಿರಲಿ. ಅಂಗಡಿಗೆ ಎರಡೆರಡು ಸಲ ಓಡುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮದು ಹಳೆಯ ಹೆಂಚಿನ ಮನೆ. ಪ್ರತಿ ವರ್ಷ ಒಡೆದ ಹೆಂಚು ಬದಲಾಯಿಸುತ್ತೇವೆ, ಆದರೂ ಆರಿದ್ರಾ ಮಳೆಗೆ ಅದೇ ಕೋಣೆಯಲ್ಲಿ ಪಾತ್ರೆ ಇಡುವುದು ತಪ್ಪಿಲ್ಲ. ಹೆಂಚು ತೆಗೆಸಿ ಶೀಟ್ ಹಾಕಿಸಿಬಿಡಿ ಎನ್ನುತ್ತಾರೆ. – ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಶೀಟಿನ ಮಾತು ಆಮೇಲೆ. ಒಡೆಯದ ಹೆಂಚೂ ಸೋರುತ್ತದೆ, ಅದಕ್ಕೆ ಕಾರಣಗಳು ಬೇರೆ.

ಮೊದಲು ಜಾಗ ಹಿಡಿಯಿರಿ. ಹನಿ ಬೀಳುವಲ್ಲಿಯೇ ತೂತು ಇರುವುದಿಲ್ಲ. ನೀರು ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಅಡಿಯಲ್ಲೋ ಪಕಾಸಿನ (ರೀಪನ್ನು ಹೊರುವ ಇಳಿಜಾರು ಮರ) ಮೈಮೇಲೋ ಹರಿದು ನಾಲ್ಕಾರು ಅಡಿ ಕೆಳಗೆ ತೊಟ್ಟಿಕ್ಕುತ್ತದೆ. ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಅಟ್ಟದಿಂದ ನೋಡಿ, ಬೆಳಕು ತೂರುವಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬೆಳಕು ಕಾಣದಿದ್ದರೆ ಒಬ್ಬರು ಹೊರಗೆ ಏಣಿಯಲ್ಲಿ ನಿಂತು ಪೈಪಿನಿಂದ ನೀರು ಬಿಡಲಿ. ಕೆಳಗಿನ ಸಾಲಿನಿಂದ ಶುರುಮಾಡಿ ಸಾಲಿಗೆ ಐದು ನಿಮಿಷದಂತೆ ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ಎಲ್ಲವೂ ನೆನೆದು ಏನೂ ತಿಳಿಯುವುದಿಲ್ಲ.

ಮಲೆನಾಡಿನ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ದೋಷ, ಹೆಂಚಿನ ಪಕ್ಕದ ಕಾಲುವೆ ಕಟ್ಟಿರುವುದು. ಮಂಗಳೂರು ಹೆಂಚಿನ ಒಂದು ಪಕ್ಕದ ತೋಡಿನಲ್ಲಿ ಇನ್ನೊಂದರ ಅಂಚು ಕೂರುತ್ತದೆ. ಆ ತೋಡಿನಲ್ಲಿ ಪಾಚಿ, ಸಿಲ್ವರ್ ಓಕ್ ಎಲೆಯ ಪುಡಿ, ಇರುವೆ ಮಣ್ಣು ತುಂಬಿದರೆ ನೀರು ಉಕ್ಕಿ ಒಳಗೆ ಇಳಿಯುತ್ತದೆ. ಸೋರುವ ಕೋಣೆಯ ಮೇಲಿನ ಹೆಂಚುಗಳನ್ನು ಸಾಲುಸಾಲಾಗಿ ಇಳಿಸಿ, ಒಣಗಿದ್ದಾಗಲೇ ತೆಂಗಿನ ನಾರಿನ ಬ್ರಷ್ಷಿನಿಂದ ತೋಡು ಉಜ್ಜಿ. ತಂತಿ ಬ್ರಷ್, ಜೋರು ನೀರಿನ ಯಂತ್ರ ಬೇಡ, ಹೆಂಚಿನ ಸುಟ್ಟ ಮೇಲ್ಮೈ ಕಿತ್ತು ಬಂದರೆ ಅದು ಇನ್ನಷ್ಟು ನೀರು ಕುಡಿಯುತ್ತದೆ. ಪಾಚಿ ಹಠಮಾರಿಯಾದರೆ 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನು ಬಳಿದು ಅರ್ಧ ಗಂಟೆಯ ನಂತರ ತೊಳೆಯಿರಿ. ಈ ಕೆಲಸ ನೆಲದ ಮೇಲೆ ಆಗಲಿ. ಮಾಡಿನ ಮೇಲೆ ಮಾಡಿದರೆ ಮಳೆನೀರು ಹರಿಯುವ ತಗಡಿನ ದೋಣಿ ತುಕ್ಕು ಹಿಡಿಯುತ್ತದೆ.

ಎರಡನೆಯದು, ನೀವು ಪ್ರತಿ ವರ್ಷ ಬದಲಾಯಿಸುವ ಹೆಂಚೇ ಕಾರಣವಿರಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹತ್ತಾರು ಕಾರ್ಖಾನೆಗಳು ಹುಟ್ಟಿದವು, ಒಂದರ ಅಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಅದನ್ನು ನೋಡಿ ಅದೇ ಹೆಸರಿನದನ್ನು ಹುಡುಕಿ. ಹಳೆ ಮನೆ ಬಿಚ್ಚುವ ಕಡೆ ಸಿಗುತ್ತದೆ. ಸಿಗದಿದ್ದರೆ ಕೊಟ್ಟಿಗೆಯ ಹೆಂಚನ್ನು ಮನೆಗೆ ತಂದು, ಹೊಸ ಅಚ್ಚಿನ ಹೆಂಚನ್ನು ಪೂರ್ತಿಯಾಗಿ ಕೊಟ್ಟಿಗೆಗೆ ಹಾಕುವುದು ಜಾಣತನ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ನಲವತ್ತು ಐವತ್ತು ಹೆಚ್ಚುವರಿ ಇಟ್ಟುಕೊಂಡಿರಿ.

ಮೂರನೆಯದು ಮರ. ದೂರದಿಂದ ನೋಡಿದಾಗ ಹೆಂಚಿನ ಸಾಲು ಬಾಗಿದ್ದರೆ ಪಕಾಸು ಬಾಗಿದೆ ಅಥವಾ ರೀಪು ಗೆದ್ದಲು ತಿಂದಿದೆ. ಬಾಗಿದಲ್ಲಿ ಮೇಲಿನ ಹೆಂಚಿನ ತುದಿ ಕೆಳಗಿನದರ ಮೇಲೆ ಸರಿಯಾಗಿ ಕೂರದೆ ಗಾಳಿಮಳೆಗೆ ಬಾಯಿಬಿಡುತ್ತದೆ. ರೀಪಿನ ಅಂತರ ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು. ಬಡಗಿ ಹೊಸ ರೀಪು ಹೊಡೆಯುವ ಮೊದಲು ನಿಮ್ಮದೇ ಎರಡು ಹೆಂಚು ಜೋಡಿಸಿ ಅಳತೆ ಹಿಡಿಯಲಿ, ಟೇಪು ಮಾತ್ರ ನಂಬುವುದು ಬೇಡ.

ನೆತ್ತಿಯ ಹೆಂಚಿಗೆ ಗಟ್ಟಿ ಸಿಮೆಂಟ್ ಗಾರೆ ಮೆತ್ತಿಸಿದ್ದರೆ ಅದು ಎರಡೇ ವರ್ಷದಲ್ಲಿ ಬಿರುಕು ಬಿಟ್ಟಿರುತ್ತದೆ, ಮರ ಹಿಗ್ಗಿ ಕುಗ್ಗುವಾಗ ಗಾರೆ ಬಗ್ಗುವುದಿಲ್ಲ. ಒಂದು ಪಾಲು ಸಿಮೆಂಟ್, ಒಂದು ಸುಣ್ಣ, ಆರು ಪಾಲು ಜರಡಿ ಹಿಡಿದ ಮರಳು, ಇಷ್ಟರ ಗಾರೆಯನ್ನು ಅಂಚುಗಳಿಗೆ ಮಾತ್ರ ಕೊಟ್ಟು ನಡುವೆ ಟೊಳ್ಳು ಬಿಡಿ. ಎರಡು ಮಾಡು ಕೂಡುವ ಮೂಲೆಯ ತಗಡನ್ನೂ ಇದೇ ಸಲ ಎತ್ತಿ ನೋಡಿ. ಮೇಲೆ ಚೆನ್ನಾಗಿ ಕಂಡು ಅಡಿಯಲ್ಲಿ ಜರಡಿಯಾಗಿರುತ್ತದೆ.

ಜಗಲಿಗೆಂದು ಆಮೇಲೆ ಇಳಿಸಿದ ಮಾಡಿನ ಇಳಿಜಾರು ಕಡಿಮೆಯಿದ್ದರೆ (25 ಡಿಗ್ರಿಗಿಂತ ಕೆಳಗೆ) ಅಲ್ಲಿ ಮಾತ್ರ ಶೀಟ್ ಹಾಕಿಸಿ, ಇಡೀ ಮನೆಗೆ ಬೇಡ. ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕೂರಲಾಗುವುದಿಲ್ಲ, ಮಳೆಯಲ್ಲಿ ಫೋನ್ ಮಾತೂ ಕೇಳಿಸುವುದಿಲ್ಲ. ಮಾಡು ಹತ್ತುವವರು ಹಲಗೆ ಏಣಿ ಹಾಸಿಕೊಂಡೇ ಓಡಾಡಲಿ, ಒದ್ದೆ ಪಾಚಿಯ ಮೇಲೆ ಯಾರನ್ನೂ ಹತ್ತಿಸಬೇಡಿ.

ಪ್ರಶ್ನೆ: ಬೋರ್‌ವೆಲ್ ನೀರು. 15 ಲೀಟರಿನ ಗೀಸರ್ ಚಟಚಟ ಸದ್ದು ಮಾಡುತ್ತದೆ, ಕಾಯಲು ಮೊದಲಿನ ಎರಡರಷ್ಟು ಹೊತ್ತು. ಸೋಲಾರ್ ಕೂಡ ಅಷ್ಟಕ್ಕಷ್ಟೇ. – ಓದುಗರು, ಅರಸೀಕೆರೆ

ಉತ್ತರ: ಗಡಸು ನೀರಿನ ಸುಣ್ಣ ಎಲಿಮೆಂಟಿನ ಮೇಲೆ ಪದರ ಕಟ್ಟಿದೆ. ಪದರದಡಿ ಸಿಕ್ಕಿದ ನೀರು ಆವಿಯಾಗಿ ಒಡೆಯುವ ಸದ್ದು ಅದು. ಹೀಗೇ ಬಿಟ್ಟರೆ ಶಾಖ ಹೊರಹೋಗದೆ ಎಲಿಮೆಂಟ್ ಸುಟ್ಟುಹೋಗುತ್ತದೆ.

ಗೀಸರಿನ ಎಂಸಿಬಿ (ಬೋರ್ಡಿನಲ್ಲಿ ಆ ಸಾಲಿಗಿರುವ ಸ್ವಿಚ್) ಆಫ್ ಮಾಡಿ, ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ನೀರು ಬಸಿಯಿರಿ. ತಂತಿಗಳ ಫೋಟೋ ತೆಗೆದುಕೊಂಡು ಬಿಚ್ಚಿ, ತಟ್ಟೆಯ ಬೋಲ್ಟ್ ತೆಗೆದು ಎಲಿಮೆಂಟ್ ಹೊರತನ್ನಿ. ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ವೈರಿನ ತುದಿ ನೆನೆಯದಂತೆ ಎರಡು ಮೂರು ಗಂಟೆ ಅದ್ದಿಡಿ. ಕಕ್ಕಸು ತೊಳೆಯುವ ಆಸಿಡ್ ಬಳಸಿದರೆ ಸುಣ್ಣದ ಜೊತೆ ತಾಮ್ರವನ್ನೂ ತಿನ್ನುತ್ತದೆ. ಪಕ್ಕದಲ್ಲೇ ಇರುವ ಮೆಗ್ನೀಸಿಯಂ ಆನೋಡ್ ಸರಳು ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇರುವುದು. ಅರ್ಧಕ್ಕಿಂತ ತೆಳುವಾಗಿದ್ದರೆ ಹೊಸದು ಹಾಕಿ. ಗ್ಯಾಸ್ಕೆಟ್ ಮಾತ್ರ ಹೇಗಿದ್ದರೂ ಹೊಸದೇ, ಹಳೆಯದು ಮತ್ತೆ ಕೂರುವುದಿಲ್ಲ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ನಲ್ಲಿಯಲ್ಲಿ ನೀರು ತುಂಬಿ ಹರಿಯುವವರೆಗೆ ಸ್ವಿಚ್ ಹಾಕಬೇಡಿ, ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಕ್ಷಣಗಳಲ್ಲಿ ಸುಡುತ್ತದೆ. ಇನ್ನು ಮುಂದೆ 55 ಡಿಗ್ರಿಗೆ ಇಡಿ, 60 ದಾಟಿದರೆ ಸುಣ್ಣ ಕಟ್ಟುವುದು ಜೋರಾಗುತ್ತದೆ. ನಿಮ್ಮ ನೀರಿಗೆ ಆರು ತಿಂಗಳಿಗೊಮ್ಮೆ ಇಷ್ಟು ಬೇಕು. ವೈರಿನ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ನರಿಂದ ಮಾಡಿಸಿ, ನೋಡುತ್ತಾ ಪಕ್ಕದಲ್ಲೇ ನಿಂತಿರಿ.

ಗಾಜಿನ ಕೊಳವೆಯ ಸೋಲಾರ್ ಆದರೆ ಸೂರ್ಯ ಹುಟ್ಟುವ ಮೊದಲೇ ಬಿಚ್ಚಿ. ಬಿಸಿಲಲ್ಲಿ ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ಸೀಳುತ್ತದೆ. ತಳದ ಸುಣ್ಣದ ಕೆಸರು ಚೆಲ್ಲಿ, ಕತ್ತಿನ ರಬ್ಬರಿಗೆ ಸೋಪಿನ ನೀರು ಸವರಿ ತಿರುಗಿಸುತ್ತಾ ಕೂರಿಸಿ. ಟ್ಯಾಂಕಿನ ಮೇಲಿನ ಗಾಳಿ ಕೊಳವೆಯಲ್ಲಿ ಕಣಜ ಗೂಡು ಕಟ್ಟಿದೆಯೇ ನೋಡಿ. ಅದು ಮುಚ್ಚಿದರೆ ನೀರು ಇಳಿಯುವಾಗ ಟ್ಯಾಂಕೇ ಒಳಕ್ಕೆ ನೆಗ್ಗುತ್ತದೆ.

ಪ್ರಶ್ನೆ: ಮಳೆ ಬಂತೆಂದರೆ ಇಎಲ್‌ಸಿಬಿ ಬೀಳುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿ ಕೊಟ್ಟಿದ್ದಾರೆ. ಪರವಾಗಿಲ್ಲವೇ? – ಸಕಲೇಶಪುರ

ಉತ್ತರ: ಇವತ್ತೇ ವಾಪಸ್ ಹಾಕಿಸಿ. ಜನ ಇಎಲ್‌ಸಿಬಿ ಎನ್ನುವುದು ಮೇಲೆ ಹೇಳಿದ ಆರ್‌ಸಿಸಿಬಿಯನ್ನೇ. ಅದು 30 ಮಿಲಿಆಂಪಿಯರ್ ಸೋರಿದರೆ ಬೀಳುವುದು ನಿಮ್ಮ ಜೀವ ಉಳಿಸಲಿಕ್ಕೆ. ಮಳೆಗೆ ಬೀಳುತ್ತದೆಂದರೆ ಎಲ್ಲೋ ತೇವ ಹೊಕ್ಕಿದೆ ಎಂದರ್ಥ. ಗೇಟಿನ ದೀಪ, ತಾರಸಿಯ ಪ್ಲಗ್, ಟೇಪ್ ಸುತ್ತಿದ ಜೋಡಣೆ, ಮೋಟಾರಿನ ಕೇಬಲ್, ಈ ಕ್ರಮದಲ್ಲಿ ಅನುಮಾನಪಡಿ. ಎಲ್ಲ ಎಂಸಿಬಿ ಇಳಿಸಿ, ಇಎಲ್‌ಸಿಬಿ ಏರಿಸಿ, ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಸಾಲಿನಲ್ಲಿದೆ ದೋಷ. ಎಲ್ಲ ಇಳಿದಿದ್ದರೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ತಿಗೆ ತಗುಲಿದೆ, ಏಕೆಂದರೆ ಒಂಟಿ ಎಂಸಿಬಿ ನ್ಯೂಟ್ರಲನ್ನು ಕತ್ತರಿಸುವುದಿಲ್ಲ. ಆಗ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಉಪಕರಣ) ಇರುವವರನ್ನೇ ಕರೆಸಿ. ಪ್ರತಿ ಸಾಲೂ 1 ಮೆಗಾಓಮಿಗಿಂತ ಹೆಚ್ಚು ತೋರಿಸಬೇಕು.

ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದರೆ ಆ ಪೆಟ್ಟಿಗೆ ಸರಿಯಿದೆ ಎಂದಷ್ಟೇ ತಿಳಿಯುತ್ತದೆ, ಅರ್ತಿಂಗ್ ಸರಿಯಿದೆ ಎಂದಲ್ಲ. ನೆಲದಲ್ಲಿ ತೋಡಿದ ಅರ್ತ್ ಗುಂಡಿಯ ನಟ್ ತುಕ್ಕು ಉಜ್ಜಿ ಬಿಗಿಯಿರಿ, ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಆ ಗುಂಡಿಗೆ ಹಾಕಿ.

ಪ್ರಶ್ನೆ: ಮಳೆಗಾಲದಲ್ಲಿ ಮುಂಬಾಗಿಲು ಹಾಕಲು ಬರುವುದಿಲ್ಲ. ಪ್ರತಿ ಜುಲೈ ಕೀಸಿಸುತ್ತೇವೆ, ಬೇಸಿಗೆಗೆ ಬೆರಳು ತೂರುವಷ್ಟು ಸಂದಾಗಿದೆ. – ಕೊಪ್ಪ

ಉತ್ತರ: ಜುಲೈನಲ್ಲಿ ಕೀಸುಳಿ ಮುಟ್ಟಬೇಡಿ. ಹಿಗ್ಗಿದ ಮರ ಕೀಸಿದರೆ ಒಣಗಿದಾಗ ಸಂದು ಆಗದೆ ಇನ್ನೇನು. ಮೊದಲು ಮೇಲಿನ ತಿರುಗಣೆಯ ಸ್ಕ್ರೂ ಸಡಿಲವೇ ನೋಡಿ, ಬಾಗಿಲು ಜೋತು ಚಿಲಕದ ಕಡೆ ತಾಗುತ್ತಿರಬಹುದು. ಈ ಮಳೆಗಾಲಕ್ಕೆ ತಾಗುವ ಅಂಚಿಗೆ ಮೇಣದಬತ್ತಿ ಉಜ್ಜಿ ಸುಧಾರಿಸಿ. ಫೆಬ್ರುವರಿಯಲ್ಲಿ ಬಾಗಿಲು ಇಳಿಸಿ ತಲೆ ಮತ್ತು ತಳದ ಅಂಚಿಗೆ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ ಕೊಡಿ. ಕಣ್ಣಿಗೆ ಕಾಣದ ಆ ಎರಡು ಅಂಚನ್ನು ಬಣ್ಣದವರು ಬಿಟ್ಟಿರುತ್ತಾರೆ, ಮರ ನೀರು ಕುಡಿಯುವುದು ಅಲ್ಲಿಂದಲೇ.

ಪ್ರಶ್ನೆ: ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? – ಚಿಕ್ಕಮಗಳೂರು

ಉತ್ತರ: ಟ್ಯಾಂಕನ್ನು ಶುದ್ಧ ಮಾಡಲಿಕ್ಕೋ, ನೀರನ್ನು ಶುದ್ಧ ಮಾಡಲಿಕ್ಕೋ? ಟ್ಯಾಂಕಿಗಾದರೆ ಕೆಸರು ತೆಗೆದು ಉಜ್ಜಿ ತೊಳೆದ ಮೇಲೆ 150 ಗ್ರಾಂ ತಾಜಾ ಪೌಡರ್ ಬಕೆಟಿನಲ್ಲಿ ಕದಡಿ, ತಿಳಿ ಹಾಕಿ ಪೂರ್ತಿ ತುಂಬಿಸಿ. ವಾಟರ್ ಫಿಲ್ಟರಿನ ವಾಲ್ವ್ ಮುಚ್ಚಿ, ಉಳಿದ ನಲ್ಲಿಗಳಲ್ಲಿ ವಾಸನೆ ಬರುವವರೆಗೆ ನೀರು ಬಿಟ್ಟು ನಿಲ್ಲಿಸಿ. 24 ಗಂಟೆಯ ನಂತರ ಎಲ್ಲ ಚೆಲ್ಲಿ, ಒಂದು ಸಲ ತುಂಬಿ ಖಾಲಿ ಮಾಡಿ. ಆ ನೀರು ಗಿಡಕ್ಕೂ ಬೇಡ, ಸೆಪ್ಟಿಕ್ ಟ್ಯಾಂಕಿಗೂ ಬೇಡ, ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆ. ಮಳೆಗಾಲದಲ್ಲಿ ಬರುವ ನೀರನ್ನೇ ಶುದ್ಧ ಮಾಡಲು ಸಾವಿರ ಲೀಟರಿಗೆ 2.5 ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಡಿ. ಬ್ಲೀಚಿಂಗ್ ಪೌಡರನ್ನು ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಪ್ರಶ್ನೆ: ಗ್ಯಾಸ್ ಪೈಪ್ ಎಷ್ಟು ವರ್ಷಕ್ಕೆ ಬದಲಾಯಿಸಬೇಕು? – ಬೇಲೂರು

ಉತ್ತರ: ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಐದು ವರ್ಷ. ತಯಾರಾದ ತಿಂಗಳು, ವರ್ಷ ಪೈಪಿನ ಮೇಲೇ ಅಚ್ಚಾಗಿರುತ್ತದೆ. ಅಷ್ಟರೊಳಗೆ ಬಿರುಕು ಅಥವಾ ಇಲಿ ಕಡಿದ ಗುರುತು ಕಂಡರೆ ಅವತ್ತೇ ಬದಲಾಯಿಸಿ. ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.