ಅಪ್ಪ ಮಗ ಒಂದೇ ಬೋಟಲ್ಲಿ, ಮಾತು ಮಾತ್ರ ಇಲ್ಲ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ ಅಲ್ವಾ, ಆಗ ನಮ್ಮ ಕರಾವಳಿ ಮನೆಗಳಿಂದ ನನ್ನ ಹತ್ರ ಕೌನ್ಸೆಲಿಂಗಿಗೆ ಒಂದೇ ನಮೂನೆಯ ಕೇಸು ಬರ್ತದೆ, ಅಪ್ಪ ಮಗ ಮಾತಾಡುದಿಲ್ಲ ಅಂತ. ಕಡಲಲ್ಲಿ ಕೆಲಸದ ನಡುವೆ ಅಡಗಿದ್ದದ್ದು ಈ 61 ದಿನ ಇಬ್ಬರೂ ಮನೆಯಲ್ಲೇ ಕೂತಾಗ ಹೊರಗೆ ಬೀಳ್ತದೆ. ಇದೂ ಅಂಥದ್ದೇ ಒಂದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅಪ್ಪ ಮಲ್ಪೆಯ ಆಳಸಮುದ್ರ ಟ್ರಾಲ್ ಬೋಟಿನ ತಾಂಡೇಲ, ಅಂದ್ರೆ ಬೋಟ್ ನಡೆಸುವ ಮುಖ್ಯಸ್ಥ, ಮಗ ಅದೇ ಬೋಟಲ್ಲಿ ಕಲಾಸಿ, ಅಂದ್ರೆ ಕೆಲಸದ ಆಳು. ಹೋದ್ರೆ ಹತ್ತು ದಿನ ಅಲ್ಲೇ ಊಟ, ಅಲ್ಲೇ ನಿದ್ದೆ. ಒಂದು ರಾತ್ರಿ ಮಗ ಸ್ಟೇರಿಂಗಲ್ಲಿದ್ದಾಗ ಬಲೆ ಕಲ್ಲಿಗೆ ಸಿಕ್ಕಿ ಹರಿದುಹೋಯ್ತು, ಅಪ್ಪ ಸಿಟ್ಟಲ್ಲಿ ವಯರ್‌ಲೆಸ್ ಹಿಡಿದು "ಇವ ನನ್ನ ಮಗ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ" ಅಂದ್ರು. ವಯರ್‌ಲೆಸ್ಸಲ್ಲಿ ಹೇಳಿದ್ದು ಸುತ್ತಲಿನ ಬೋಟಿಗೆಲ್ಲ ಕೇಳ್ತದೆ. ಅವತ್ತಿಂದ ಮಾತು ಬಂದ್. ಬಲೆ ಬಿಡುದು, ಎಳೆಯುದು ಎಲ್ಲ ಕೈಸನ್ನೆ, ದಡಕ್ಕೆ ಬಂದ ಮೇಲೆ ಅಮ್ಮನ ಮೂಲಕ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ ಮಗ ನೆಲ ನೋಡ್ಕೊಂಡೇ ಇದ್ದ. ಅಪ್ಪನ ಹತ್ರ ನಾನು ಕೇಳಿದೆ, ಬೇರೆ ಹುಡುಗರು ತಪ್ಪು ಮಾಡಿದ್ರೂ ಹೀಗೇ ಬೈತೀರಾ?

"ಇಲ್ಲ ಮೇಡಂ. ಅವರಿಗೆ ಅಷ್ಟು ಬೈದ್ರೆ ಬೋಟ್ ಬಿಟ್ಟು ಹೋಗ್ತಾರೆ. ಇವನಿಗೆ ಬೈಲೇಬೇಕು, ಇಲ್ಲದಿದ್ರೆ ತಾಂಡೇಲನ ಮಗನಿಗೊಂದು ನ್ಯಾಯ ನಮಗೊಂದು ನ್ಯಾಯ ಅಂತಾರೆ. ಇವ ಎಲ್ಲಿಗೆ ಹೋಗ್ತಾನೆ?"

ಮಗ ತಲೆ ಎತ್ತಿದ. "ಅಂದ್ರೆ ಅವರ ಪಾಲಿನ ಬೈಗುಳ ಸಹ ನನಗೇ. ದುಡ್ಡಿನ ಪಾಲು ಮಾತ್ರ ಎಲ್ಲರಷ್ಟೇ."

ಅಪ್ಪ ಏನೋ ಹೇಳ್ಲಿಕ್ಕೆ ಹೋದ್ರು, ಅವ ಬಿಡ್ಲಿಲ್ಲ. "ಕಲಾಸಿ ಆಗಿದ್ರೆ ಬೇರೆ ಬೋಟಿಗೆ ಹೋಗ್ತಿದ್ದೆ, ಮಗ ಆಗಿದ್ರೆ ನೀವು ಹಾಗೆ ಹೇಳ್ತಿರ್ಲಿಲ್ಲ. ನಾನು ಅಲ್ಲಿ ಯಾರು ಅಪ್ಪ?"

ತುಂಬಾ ಸಮಯದ ನಂತರ ನೇರ ಅಪ್ಪನಿಗೇ ಹೇಳಿದ ಮಾತು ಅದು. ಅವರ ಹತ್ರ ಉತ್ತರ ಇರ್ಲಿಲ್ಲ. ಈಗ ಮಗ ಕಾಲಿಗೆ ಬೀಳ್ಲಿ, ಸರಿಯಾಗ್ತದೆ ಅಂತ ಜೊತೆಗೆ ಬಂದಿದ್ದ ಮಾವ ಹೇಳಿದ್ರು, ನಾನು ಬೇಡ ಅಂದೆ. ಪ್ರಶ್ನೆ ಹಾಗೇ ಉಳಿದಿರುವಾಗ ಕಾಲಿಗೆ ಬೀಳಿಸಿದ್ರೆ ಅವನ ಬಾಯಿ ಮತ್ತೆ ಮುಚ್ಚಿಸಿದ ಹಾಗೆ ಅಷ್ಟೆ.

ನಾನು ಕೊಟ್ಟ ಸಲಹೆ, ಆಗಸ್ಟಿಂದ ಮಗ ಬೇರೆ ಬೋಟಿಗೆ ಹೋಗ್ಲಿ, ಒಂದು ಸೀಸನ್. ಮತ್ತೆ ಬೋಟಿನ ಲೆಕ್ಕ, ತಪ್ಪು ಒಪ್ಪು ಎಲ್ಲ ಬೋಟು ನಿಲ್ಲುವ ಧಕ್ಕೆಯಲ್ಲೇ ಮುಗೀಲಿ, ಮನೆಗೆ ತರುದು ಬೇಡ, ಅಮ್ಮ ಇಬ್ಬರ ಸುದ್ದಿ ಸಾಗಿಸುದನ್ನೂ ನಿಲ್ಲಿಸ್ಲಿ.

ಮನೆ ಒಡೆಯುವ ಸಲಹೆ ಅಂತ ಕೆಲವರು ಹೇಳಿದ್ರು, ನಾನು ಒಪ್ಪುದಿಲ್ಲ. ದಡದಲ್ಲಿ ಜಗಳ ಆದ್ರೆ ಬಾಗಿಲು ತೆಗೆದು ಹೊರಗೆ ಹೋಗ್ಬಹುದು, ಪೇಟೆಗೆ ಹೋಗಿ ಚಾ ಕುಡಿದು ಬರಬಹುದು, ಬೋಟಲ್ಲಿ ಸುತ್ತಲೂ ನೀರು, ಹೋಗುದೆಲ್ಲಿಗೆ? ಅಲ್ಲಿ ಮಗ ಮಾತು ಬಿಟ್ಟದ್ದು ದ್ವೇಷದಿಂದ ಅಂತ ನನಗೆ ಅನಿಸುದಿಲ್ಲ, ಕೈ ಕೈ ಮಿಲಾಯಿಸದೆ ಇರ್ಲಿಕ್ಕೆ ಅವನಿಗೆ ಸಿಕ್ಕಿದ್ದ ದಾರಿ ಅದೊಂದೇ. ತಾಂಡೇಲ ಅಂದ್ರೆ ಅಷ್ಟೂ ಜನರ ಜೀವದ ಜವಾಬ್ದಾರಿ, ಅವರ ಮಾತು ಗಟ್ಟಿ ಇರ್ಲೇಬೇಕು, ಅದನ್ನು ಮೆತ್ತಗೆ ಮಾಡಿ ಅಂತ ನಾನು ಹೇಗೆ ಹೇಳ್ಲಿ? ಹಾಗಾಗಿ ಮಗನನ್ನೇ ಅದರಿಂದ ಹೊರಗೆ ತರ್ಬೇಕಿತ್ತು.

ಅಪ್ಪ ಒಪ್ಪಿದ್ದು ನನ್ನ ಮಾತಿಗಲ್ಲ, ಹೆಂಡತಿಯ ಮಾತಿಗೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯ್ತಲ್ಲ, ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಅವತ್ತಿಂದ ಇಬ್ಬರೂ ಒಂದೇ ಬೋಟಲ್ಲಿ ಹೋಗುವಾಗ ನನಗೆ ನಿದ್ದೆ ಇಲ್ಲ ಅಂತ ಆ ಅಮ್ಮ ಮೊದಲ ಸಲ ಬಾಯಿಬಿಟ್ರು.

ಈಗ ಮಗ ಬೇರೆ ಬೋಟಲ್ಲಿದ್ದಾನೆ. ಮನೆಯಲ್ಲಿ ಒಂದೆರಡು ಮಾತು ಉಂಟು, ವಯರ್‌ಲೆಸ್ಸಿನ ವಿಷಯ ಇನ್ನೂ ಇಬ್ಬರೂ ಎತ್ತಿಲ್ಲ. ನಾನು ಒತ್ತಾಯ ಮಾಡುದಿಲ್ಲ.

ನಿಮ್ಮ ಮನೆಯಲ್ಲೂ ಹೀಗಿದ್ರೆ ಜೂನಲ್ಲೇ ಬನ್ನಿ, ಜುಲೈ ಕೊನೆಗೆ ಬಲೆ, ಡೀಸೆಲ್, ಐಸ್ ಅಂತ ಯಾರಿಗೂ ಕೂತು ಮಾತಾಡ್ಲಿಕ್ಕೆ ಪುರುಸೊತ್ತು ಇರುದಿಲ್ಲ. ಬರ್ಲಿಕ್ಕೆ ಸಂಕೋಚ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಲಿಕ್ಕಿಲ್ಲ.